ಮೂರನೇ ಗೋಳದ ಪಾಲು

ಪಿಯುಸಿ ಎರಡನೇ ವರ್ಷದ ಭೌತಶಾಸ್ತ್ರದ ಮೊದಲ ಪಾಠದಲ್ಲಿ ಒಂದು ಲೆಕ್ಕ ಬರುತ್ತದೆ. ಒಂದೇ ಅಳತೆಯ ಎರಡು ಲೋಹದ ಗೋಳಗಳು. ಎರಡರ ಮೇಲೂ ಅಷ್ಟಷ್ಟೇ ಚಾರ್ಜ್ ಇದೆ, ಒಂದನ್ನೊಂದು ದೂಡುತ್ತಿವೆ. ಈಗ ಅದೇ ಅಳತೆಯ, ಯಾವ ಚಾರ್ಜೂ ಇಲ್ಲದ ಮೂರನೇ ಗೋಳವನ್ನು ತಂದು ಮೊದಲು ಒಂದಕ್ಕೆ ಮುಟ್ಟಿಸಿ, ಆಮೇಲೆ ಇನ್ನೊಂದಕ್ಕೆ ಮುಟ್ಟಿಸಿ, ದೂರ ಒಯ್ದುಬಿಡುತ್ತಾರೆ. ಮೊದಲಿನ ಎರಡರ ನಡುವಿನ ಬಲ ಈಗ ಎಷ್ಟು? ಇಷ್ಟೇ ಪ್ರಶ್ನೆ. ಮುದ್ದೇಬಿಹಾಳದ ಒಂದು ಕಾಲೇಜಿನಲ್ಲಿ ನಾನು ಇದನ್ನು ವರ್ಷವರ್ಷವೂ ಹಲಗೆಯ ಮೇಲೆ ಬಿಡಿಸುತ್ತೇನೆ. ನನ್ನ ಹುದ್ದೆಯ ಹೆಸರು ಅತಿಥಿ ಉಪನ್ಯಾಸಕಿ. ಅತಿಥಿ ಎಂದು ಯಾರೂ ಉಪಚಾರ ಮಾಡುವುದಿಲ್ಲ, ವರ್ಷ ಮುಗಿದ ಕೂಡಲೇ ಹೋಗಿ ಬರ್ರಿ ಅನ್ನುತ್ತಾರೆ, ಅಷ್ಟಕ್ಕೆ ಆ ಹೆಸರು. ಮೊದಲೆಲ್ಲ ಈ ಲೆಕ್ಕ ನನಗೆ ಇಷ್ಟವಿತ್ತು. ಈಗ ಅದು ಬರುವ ದಿನ ಕಾಲೇಜಿಗೆ ಹೋಗುವುದೇ ಬೇಡ ಅನಿಸುತ್ತದೆ.

ನನ್ನ ತಂಗಿ ನನಗಿಂತ ಬಹಳ ಸಣ್ಣವಳು. ನನ್ನ ಮದುವೆಯಾದಾಗ ಅಂಗನವಾಡಿಗೆ ಹೋಗುತ್ತಿದ್ದಳು. ನಮ್ಮ ತವರು ಇಂಡಿಯ ಹತ್ತಿರ, ಅಪ್ಪನದು ಲಿಂಬಿ ತೋಟ. ಅಪ್ಪ ತೀರಿಕೊಂಡ ಮೇಲೆ ಅಣ್ಣನೇ ತೋಟ ನೋಡಿಕೊಂಡ, ಅವ್ವನನ್ನೂ ಮನೆಯನ್ನೂ ನೋಡಿಕೊಂಡ. ಅಪ್ಪ ವಿಜಯಪುರದ ಆಸ್ಪತ್ರೆಯಲ್ಲಿದ್ದಾಗ ಎಲ್ಲರೂ ಚುಚ್ಚಿ ಚುಚ್ಚಿ ಸೋತ ಕೈಯಲ್ಲಿ ಒಬ್ಬ ನರ್ಸಮ್ಮ ಮಾತಾಡುತ್ತ ಮಾತಾಡುತ್ತಲೇ ನರ ಹಿಡಿದು ಸಲೈನ್ ಹಚ್ಚಿದಳಂತೆ. ಅದನ್ನು ತಂಗಿ ನೋಡಿದ್ದಳು. ಅಂದಿನಿಂದ ಅವಳ ಬಾಯಲ್ಲಿ ಒಂದೇ ಮಾತು, ನಾನು ನರ್ಸಿಂಗ್ ಓದುತ್ತೇನೆ. ಹತ್ತರವರೆಗೆ ಕನ್ನಡದಲ್ಲಿ ಓದಿದವಳು ಅದೊಂದು ಆಸೆಗೆ ಬಸವನ ಬಾಗೇವಾಡಿಯ ಹಾಸ್ಟೆಲಿನಲ್ಲಿದ್ದುಕೊಂಡು ವಿಜ್ಞಾನ ತೆಗೆದುಕೊಂಡಳು. ಜೀವಶಾಸ್ತ್ರದಲ್ಲಿ ಗೆದ್ದಳು, ರಸಾಯನಶಾಸ್ತ್ರದಲ್ಲಿ ಹೇಗೋ ದಾಟಿದಳು, ಭೌತಶಾಸ್ತ್ರದಲ್ಲಿ ಬಿದ್ದಳು. ಈಗ ವರ್ಷಕ್ಕೆ ಮೂರು ಸಲ ಪರೀಕ್ಷೆ ಇಡುತ್ತಾರೆ. ಎರಡನೇ ಸಲವೂ ಬಿದ್ದಳು. ಅಕ್ಕ ಅದೇ ವಿಷಯ ಕಲಿಸುತ್ತಾಳೆ, ತಂಗಿ ಅದರಲ್ಲೇ ಬೀಳುತ್ತಾಳೆ ಎಂದು ನಮ್ಮ ಓಣಿಯವರು ನಗುವುದಕ್ಕೂ ಒಂದು ದಾರಿಯಾಯಿತು.

ಅಣ್ಣ ಫೋನ್ ಮಾಡಿದ.

"ಮೂರನೇ ಪರೀಕ್ಷಾ ಒಂದು ನೋಡ್ತೇನಿ. ಅದೂ ಹೋತಂದ್ರ ಸಿಂದಗಿಯವರಿಗೆ ಹೂಂ ಅಂದುಬಿಡ್ತೇನಿ. ಅವರರ ಎಷ್ಟಂತ ಕಾಯಬೇಕು?"

"ಪಾಸಾದ್ರ?"

"ಪಾಸಾದ್ರ ಓದಲಿ. ನಾ ಏನು ಬ್ಯಾಡ ಅಂದೇನೇನು?"

ಸಿಂದಗಿಯ ಹುಡುಗನದು ಗೊಬ್ಬರದ ಅಂಗಡಿ. ಕುಡಿಯುವವನಲ್ಲ, ಜಗಳಗಂಟನಲ್ಲ. ತೊಂದರೆಯಾದದ್ದೇ ಅದು. ಬೇಡ ಅನ್ನಲು ನಮ್ಮ ಕೈಯಲ್ಲಿ ಒಂದು ಕಾರಣವೂ ಇರಲಿಲ್ಲ. ಸಿಂದಗಿ ನನಗೆ ಹೊಸದಲ್ಲ. ನನ್ನನ್ನು ಕೊಟ್ಟದ್ದೂ ಅಲ್ಲಿಗೇ. ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ನನ್ನ ತಾಟು ಯಾವಾಗ ಬೇರೆಯಾಯಿತು ಎಂಬುದು ನನಗೇ ತಿಳಿಯಲಿಲ್ಲ. ಕೈಯಲ್ಲಿ ಒಂದು ಡಿಗ್ರಿ ಇತ್ತು, ಅದಕ್ಕೇ ಮುದ್ದೇಬಿಹಾಳಕ್ಕೆ ಬಂದು ಬದುಕಿದೆ. ತಂಗಿಯ ಕೈಯಲ್ಲಿ ಏನೂ ಇರಲಿಲ್ಲ. ಅವಳು ಪಾಸಾಗಲೇಬೇಕಿತ್ತು. ಆ ತಿಂಗಳು ನನ್ನ ತಲೆಯಲ್ಲಿ ಇದರ ಹೊರತು ಬೇರೆ ಏನೂ ಇರಲಿಲ್ಲ.

ಒಂದು ಬ್ಯಾಗು, ಒಂದು ಚೀಲ ಲಿಂಬಿಹಣ್ಣು ಹೊತ್ತುಕೊಂಡು ಬಂದಳು. ನನ್ನ ಬಾಡಿಗೆ ಮನೆ ಎಂದರೆ ಒಂದು ಕೋಣೆ, ಒಂದು ಅಡಿಗೆ ಮನೆ. ಫ್ಯಾನಿನ ಕೆಳಗೆ ಚಾಪೆ ಹಾಸಿ ಕೂತೆವು. ಮೊದಲು ಸರಳ ಲೆಕ್ಕ ಕೊಟ್ಟೆ. ಎರಡು ಗೋಳ, ಒಂದೊಂದರ ಮೇಲೆ ನಾಲ್ಕು ಮೈಕ್ರೊಕೂಲಂಬ್, ನಡುವೆ ಅರವತ್ತು ಸೆಂಟಿಮೀಟರ್ ದೂರ. ಎರಡು ಚಾರ್ಜುಗಳನ್ನು ಗುಣಿಸು, ದೂರದ ವರ್ಗದಿಂದ ಭಾಗಿಸು, ಒಂಬತ್ತರ ಮುಂದೆ ಒಂಬತ್ತು ಸೊನ್ನೆ ಹಚ್ಚಿದ ಆ ದೊಡ್ಡ ಸ್ಥಿರಾಂಕದಿಂದ ಮತ್ತೆ ಗುಣಿಸು. ಅವಳು ಅರವತ್ತರ ವರ್ಗ ಮಾಡಿ ಕೂತಳು. ಮೀಟರಿಗೆ ತರಬೇಕು ಎಂದು ಬೈದೆ. ಎರಡನೇ ದಿನ ದೂರವನ್ನು ಮೀಟರಿಗೆ ತಂದಳು, ವರ್ಗ ಮಾಡುವುದನ್ನು ಮರೆತಳು. ಮತ್ತೆ ಬೈದೆ. ಕೊನೆಗೆ ಸೊನ್ನೆ ಬಿಂದು ನಾಲ್ಕು ನ್ಯೂಟನ್ ಎಂದು ಸರಿಯಾಗಿ ಬಂದಾಗ ತಾನೇ ಎದ್ದು ಹೋಗಿ ಚಹಾ ಇಟ್ಟಳು. ಬುದ್ಧಿ ಇಲ್ಲದವಳಲ್ಲ. ಇಂಗ್ಲಿಷಿನಲ್ಲಿ ಪ್ರಶ್ನೆ ಕಂಡರೆ ಅರ್ಧ ಜೀವ ಹೋಗುತ್ತಿತ್ತು, ಉಳಿದರ್ಧದಲ್ಲಿ ಲೆಕ್ಕ ಮಾಡುತ್ತಿದ್ದಳು.

ಆಮೇಲೆ ಮೂರನೇ ಗೋಳ ಬಂತು. ಅವಳು ಒಂದು ಗಳಿಗೆಯೂ ಯೋಚಿಸದೆ ಬಲ ಮೊದಲಿನಷ್ಟೇ, ಸೊನ್ನೆ ಬಿಂದು ನಾಲ್ಕು, ಎಂದು ಬರೆದಳು.

"ಹ್ಯಾಂಗ?" ಅಂದೆ.

"ಮೂರನೇದ್ರಾಗ ಏನೂ ಇಲ್ಲಲ್ಲಕ್ಕ. ಬಂತು, ಮುಟ್ಟಿತು, ಹೋತು. ಖಾಲಿ ಬಂದದ್ದಕ್ಕ ಯಾರು ಏನು ಕೊಡ್ತಾರ?"

ಅವಳು ಚೇಷ್ಟೆ ಮಾಡುತ್ತಿರಲಿಲ್ಲ. ನಾನು ಚೀಲದಿಂದ ಮೂರು ಲಿಂಬಿಹಣ್ಣು ತೆಗೆದು ತಾಟಿನಲ್ಲಿಟ್ಟೆ. ಎರಡರ ಪಕ್ಕದಲ್ಲಿ ನಾಲ್ಕು ನಾಲ್ಕು ಶೇಂಗಾಕಾಳು ಇಟ್ಟೆ, ಮೂರನೆಯದನ್ನು ಖಾಲಿ ಬಿಟ್ಟೆ. ಇವೇ ಗೋಳ, ಇವೇ ಚಾರ್ಜು, ಈಗ ಖಾಲಿಯದನ್ನು ತಂದು ಮೊದಲನೆಯದಕ್ಕೆ ಮುಟ್ಟಿಸು, ಚಾರ್ಜು ಎಲ್ಲಿಗೆ ಹೋಗುತ್ತದೆ ತೋರಿಸು ಎಂದೆ. ಅವಳು ಮುಟ್ಟಿಸಿದಳು. ನನ್ನ ಮುಖ ನೋಡಿದಳು. ನಾಲ್ಕರಲ್ಲಿ ಒಂದೇ ಒಂದು ಕಾಳು ಎತ್ತಿ ಖಾಲಿ ಹಣ್ಣಿನ ಪಕ್ಕದಲ್ಲಿಟ್ಟಳು.

"ಇಷ್ಟು ಸಾಕಲ್ಲ," ಅಂದಳು, "ಶಾಸ್ತ್ರಕ್ಕ."

ನಾನು ನಕ್ಕೆ. ಆಮೇಲೆ ನಗು ನಿಂತುಹೋಯಿತು. ನಮ್ಮ ಕಡೆ ಮನೆಮಗಳಿಗೆ ಕೊಡುವುದು ಹೀಗೆಯೇ. ಕಾಯಿದೆಯಲ್ಲಿ ಅಣ್ಣನಷ್ಟೇ ಪಾಲು ಅವಳಿಗೂ ಇದೆ ಎಂದು ಎಲ್ಲರಿಗೂ ಗೊತ್ತು. ಅಪ್ಪ ಹೋದ ಮೇಲೆ ಉತಾರದಲ್ಲಿ, ಅಂದರೆ ಹೊಲದ ಕಾಗದದಲ್ಲಿ, ಎಲ್ಲರ ಹೆಸರೂ ಏರುತ್ತವೆ. ಆಮೇಲೆ ಒಂದು ದಿನ ಹೆಣ್ಣುಮಕ್ಕಳು ಬಂದು ಹಕ್ಕು ಬಿಟ್ಟೆವು ಎಂದು ಸಹಿ ಮಾಡಿ, ಹೆಬ್ಬೆಟ್ಟು ಒತ್ತಿ ಹೋಗುತ್ತಾರೆ. ಅಂದು ಮನೆಯಲ್ಲಿ ಹೋಳಿಗೆ ಮಾಡಿ, ಸೀರೆ ಕೊಟ್ಟು, ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಅಡಿಕೆ ಹಾಕಿ ಉಡಿ ತುಂಬಿ ಕಳಿಸುತ್ತಾರೆ. ನಾನೂ ಗಂಡ ಇದ್ದಾಗ ಸಹಿ ಮಾಡಿ ಬಂದವಳೇ. ಆ ಸೀರೆ ಈಗಲೂ ಪೆಟ್ಟಿಗೆಯಲ್ಲಿದೆ, ಒಳ್ಳೆಯ ಸೀರೆ. ಅಂಥ ಉಡಿ ತುಂಬುವುದನ್ನು ಸಣ್ಣಂದಿನಿಂದ ನೋಡಿದ ಹುಡುಗಿಗೆ ಖಾಲಿ ಗೋಳಕ್ಕೆ ಒಂದು ಕಾಳು ಕೊಟ್ಟದ್ದೇ ದೊಡ್ಡ ಮನಸ್ಸು.

"ಒಂದಲ್ಲ," ಅಂದೆ. "ಅರ್ಧ. ಎರಡು ಕಾಳು."

"ಅರ್ಧ ಯಾಕಕ್ಕ? ಅದೇನು ತಂದೈತಿ?"

"ಏನು ತಂದೈತಿ ಅಂತ ಕೇಳಂಗಿಲ್ಲ. ಅಳತಿ ಒಂದ ಐತೋ ಇಲ್ಲೋ ಅಷ್ಟ ನೋಡೋದು. ಅಳತಿ ಒಂದ ಇತ್ತು, ಮುಟ್ಟಿದ್ವು ಅಂದ್ರ ಸಮ ಸಮ."

ಅವಳು ತಾಟಿನಲ್ಲಿದ್ದ ಹಣ್ಣುಗಳನ್ನು ನೋಡುತ್ತ ಕೂತಳು. "ನಮ್ಮನ್ಯಾಗ ಇದನ್ನ ಹೇಳಿ ನೋಡು," ಎಂದು ಗೊಣಗಿದಳು. ಆಮೇಲೆ ಎರಡು ಕಾಳು ಈಚೆ ಇಟ್ಟಳು. ಆ ಮೂರನೇ ಹಣ್ಣನ್ನು ತನ್ನ ಎರಡು ಕಾಳುಗಳ ಸಮೇತ ಎರಡನೆಯದಕ್ಕೆ ಮುಟ್ಟಿಸಿದಳು. ನಾಲ್ಕು ಮತ್ತು ಎರಡು ಆರು, ಸಮ ಮಾಡಿದರೆ ಮೂರು ಮೂರು. ಮೂರನೆಯದನ್ನು ಎತ್ತಿ ದೂರ ಇಟ್ಟಳು. ಉಳಿದದ್ದು ಮೊದಲನೆಯದರ ಹತ್ತಿರ ಎರಡು, ಎರಡನೆಯದರ ಹತ್ತಿರ ಮೂರು. ದೂರ ಮೊದಲಿನದೇ. ಲೆಕ್ಕ ಹಾಕಿದಳು, ಸೊನ್ನೆ ಬಿಂದು ಒಂದು ಐದು.

ಆ ಉತ್ತರ ಬಂದಾಗ ನನಗೆ ಅಳು ಬಂತು. ಇಷ್ಟು ಸಣ್ಣದಕ್ಕೆ ಅಳುವಷ್ಟು ನಾನು ಸೋತುಹೋಗಿದ್ದೆ.

ಅಲ್ಲಿಂದ ಪರೀಕ್ಷೆಯವರೆಗೆ ಅದೇ ಲೆಕ್ಕವನ್ನು ಅಂಕಿ ಬದಲಿಸಿ ಬದಲಿಸಿ ಕೊಟ್ಟೆ. ಒಂದು ಗೋಳಕ್ಕೆ ಧನ, ಇನ್ನೊಂದಕ್ಕೆ ಋಣ ಚಾರ್ಜು ಕೊಟ್ಟೆ. ಮೂರನೆಯದನ್ನು ಮೊದಲು ಎರಡನೆಯದಕ್ಕೆ ಮುಟ್ಟಿಸಿದೆ. ಅವಳು ರೊಟ್ಟಿ ಬಡಿಯುವಾಗಲೂ ಹಿಟ್ಟಿನ ಉಂಡೆ ಮುರಿದು ಅರ್ಧ, ಕೂಡಿಸು, ಮತ್ತೆ ಅರ್ಧ ಎಂದು ಹೇಳಿಕೊಳ್ಳುತ್ತಿದ್ದಳು. ಬೇರೆ ಪಾಠಗಳೂ ಇದ್ದವು, ಅವನ್ನೂ ಮಾಡಿದೆವು, ಆದರೆ ನನಗೆ ಈ ಪಾಠದ ಮೇಲೆ ಹಟ. ಇದೊಂದು ದಕ್ಕಿದರೆ ಅವಳು ದಾಟುತ್ತಾಳೆ ಎಂದು ಹೇಗೋ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಹುಚ್ಚೇ ಅದು. ತಪ್ಪಿದರೆ ಪೆನ್ನು ಕಸಿದು ಎಸೆಯುತ್ತಿದ್ದೆ. ಅವಳು ಎದ್ದುಹೋಗಿ ಪೆನ್ನು ಹುಡುಕಿ ತಂದು ಮತ್ತೆ ಕೂಡುತ್ತಿದ್ದಳು. ನಡುನಡುವೆ ಅಣ್ಣನ ಫೋನ್. ಸಿಂದಗಿಯವರು ಕೇಳಾಕತ್ತಾರ, ಏನು ಹೇಳಲಿ? ನಾನು ಇನ್ನೂ ಪರೀಕ್ಷೆಯೇ ಆಗಿಲ್ಲ ಅಣ್ಣಾ ಎನ್ನುತ್ತಿದ್ದೆ. ಒಮ್ಮೆ ಅವನು ಹನಿ ನೀರಾವರಿಗೆ ಅರ್ಜಿ ಹಾಕಬೇಕು, ಉತಾರದಲ್ಲಿ ತಂಗಿಯ ಹೆಸರು ಇನ್ನೂ ಕೂತಿದೆ, ಅವಳದೊಂದು ಸಹಿ ಉಳಿದಿದೆ ಎಂದು ಮಾತಿನ ಮಧ್ಯೆ ಅಂದ. ಪರೀಕ್ಷೆ ಮುಗಿಯಲಿ ಎಂದೆ. ಹೂಂ ಅಂದ.

ಪರೀಕ್ಷೆಯ ದಿನ ಅವಳನ್ನು ಮುಂಜಾನೆ ಬಾಗೇವಾಡಿಯ ಬಸ್ಸಿಗೆ ಹತ್ತಿಸಿದೆ. ನನಗೆ ಕಾಲೇಜಿನಲ್ಲಿ ಪ್ರವೇಶದ ಕೆಲಸ ಇತ್ತು, ಅತಿಥಿಗಳಿಗೆ ರಜೆ ಕೇಳುವ ಹಕ್ಕಿಲ್ಲ. ಅಣ್ಣ ಇಂಡಿಯಿಂದ ನೇರ ಬಾಗೇವಾಡಿಗೆ ಬಂದು ಅವಳನ್ನು ಪರೀಕ್ಷಾ ಕೇಂದ್ರದವರೆಗೆ ಬಿಡುತ್ತೇನೆ ಎಂದಿದ್ದ. ನನಗೆ ಸಮಾಧಾನವೇ ಆಗಿತ್ತು. ಎಷ್ಟಾದರೂ ಅಣ್ಣ, ಒಳ್ಳೆಯ ಮಾತು ಹೇಳಿ ಕಳಿಸುತ್ತಾನೆ ಅಂದುಕೊಂಡೆ.

ಮಧ್ಯಾಹ್ನ ನಮ್ಮ ಊರಿನ ಕೇಂದ್ರದಿಂದ ಹೊರಬಂದ ಹುಡುಗಿಯೊಬ್ಬಳ ಕೈಯಿಂದ ಪ್ರಶ್ನೆಪತ್ರಿಕೆ ಇಸಿದುಕೊಂಡೆ. ಪುಟ ತಿರುವಿದೆ. ಐದು ಅಂಕದ ಲೆಕ್ಕಗಳಲ್ಲಿ ಮೊದಲನೆಯದೇ ಅದು. ಎರಡು ಗೋಳ, ಖಾಲಿ ಮೂರನೇ ಗೋಳ. ಅಂಕಿಗಳಷ್ಟೇ ಬೇರೆ. ನಳದ ಕಟ್ಟೆಯ ಹತ್ತಿರ ನಿಂತು ಬಾಯಲ್ಲೇ ಬಿಡಿಸಿದೆ. ಮೈಯಲ್ಲಿ ಜೀವ ಬಂತು. ಪ್ರಶ್ನೆಪತ್ರಿಕೆ ಕೊಟ್ಟ ಹುಡುಗಿಗೆ ತಂಪು ಸೋಡಾ ಕುಡಿಸಿದೆ, ಅವಳು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದೆ. ತಂಗಿ ಇಳಿದಳು. "ಬಂದಿತ್ತಲ್ಲ?" ಅಂದೆ.

"ಬಂದಿತ್ತು."

ಅವಳ ಹೆಬ್ಬೆರಳು ನೀಲಿಯಾಗಿತ್ತು. ಪೆನ್ನು ಸೋರಿರಬೇಕು ಅಂದುಕೊಂಡೆ. ಮನೆಗೆ ಬಂದು ಬಚ್ಚಲಲ್ಲಿ ಕೂತು ಸಾಬೂನು ಹಚ್ಚಿ ತಿಕ್ಕಿದಳು, ಹೋಗಲಿಲ್ಲ. ತಿಕ್ಕುತ್ತಲೇ ಇದ್ದಳು. ನಾನು ಹೋಗಿ ನಳ ಬಂದ್ ಮಾಡಿದೆ.

"ಅಣ್ಣ ಸಹಿ ಮಾಡಿಸಿಕೊಂಡ, ಹೆಬ್ಬೆಟ್ಟೂ ಒತ್ತಿಸಿದ," ಅಂದಳು. "ಬಸ್ ಸ್ಟ್ಯಾಂಡ್ ಬಾಜೂಕ ಹೋಟೆಲ್‌ನ್ಯಾಗ. ಇಡ್ಲಿ ತಿನಿಸಿದ. ಈಗ ಸಹಿ ಮಾಡು, ರಜಿಸ್ಟ್ರಿಗೆ ಆಮ್ಯಾಲ ಹೋಗೂಣು, ನೀ ಪಾಸಾಗಿ ಬಾ, ನರ್ಸಿಂಗ್ ಓದಸ್ತೇನಿ ಅಂದ. ಓದಸ್ತಾನಲ್ಲ ಅಂತ ಮಾಡಿದೆ."

"ಆತು, ಮಾಡಿದಿ. ಲೆಕ್ಕ?"

ಅವಳು ತಲೆ ಎತ್ತಲಿಲ್ಲ. "ಮೊದಲ ಸರಿನ ಬರದಿದ್ದೆ. ಅರ್ಧ, ಆಮ್ಯಾಲ ಕೂಡಿಸಿ ಅರ್ಧ. ಉತ್ತರಾನೂ ಬಂದಿತ್ತು. ಮತ್ತೊಮ್ಮೆ ನೋಡೂಣಂತ ನೋಡಿದೆ. ಪೇಪರಿನ ಮ್ಯಾಲ ಈ ಹೆಬ್ಬೆಟ್ಟಿನ ಶಾಯಿ ಹತ್ತಿತ್ತು. ಖಾಲಿ ಇದ್ದದ್ದಕ್ಕ ಅರ್ಧ ಹ್ಯಾಂಗ ಬರತೈತಿ ಅನಿಸ್ತು. ನಾ ಎಲ್ಲೋ ತಪ್ಪು ತಿಳಕೊಂಡೇನಿ, ಅಕ್ಕ ಬೇರೆ ಏನೋ ಹೇಳಿರಬೇಕು ಅನಿಸ್ತು. ಹೊಡದು ಹಾಕಿದೆ."

"ಏನು ಬರದಿ?"

"ಮೂರನೇದಕ್ಕ ಏನೂ ಬರಂಗಿಲ್ಲ, ಬಲ ಇದ್ದಷ್ಟ ಇರತೈತಿ ಅಂತ."

ನಾನು ಅವಳನ್ನು ಬೈಯಲಿಲ್ಲ. ಬಚ್ಚಲ ಬಾಗಿಲಿಗೆ ಆನಿಕೊಂಡು ಕೂತುಬಿಟ್ಟೆ. ಒಲೆಯ ಮೇಲೆ ಅನ್ನ ಸೀದ ವಾಸನೆ ಬರುತ್ತಿತ್ತು, ಇಬ್ಬರೂ ಏಳಲಿಲ್ಲ.

ಫಲಿತಾಂಶ ಬಂತು. ಬಿದ್ದಿದ್ದಳು. ಎಷ್ಟರಲ್ಲಿ ಎಂದರೆ, ಆ ಒಂದು ಲೆಕ್ಕ ಇದ್ದಿದ್ದರೆ ದಾಟುತ್ತಿದ್ದಳು. ಉತ್ತರಪತ್ರಿಕೆಯ ನಕಲು ತರಿಸಿದೆ. ಈಗ ಮೊಬೈಲಿಗೇ ಬರುತ್ತದೆ. ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಅವಳ ಗುಂಡು ಅಕ್ಷರ. ಮೀಟರಿಗೆ ತಂದಿದ್ದಾಳೆ, ವರ್ಗ ಮಾಡಿದ್ದಾಳೆ, ಚಾರ್ಜನ್ನು ಅರ್ಧ ಮಾಡಿದ್ದಾಳೆ, ಕೂಡಿಸಿ ಮತ್ತೆ ಅರ್ಧ ಮಾಡಿದ್ದಾಳೆ, ಉತ್ತರಕ್ಕೆ ನಾನು ಕಲಿಸಿದ ಹಾಗೆ ಚೌಕಟ್ಟು ಹಾಕಿದ್ದಾಳೆ. ಅದೆಲ್ಲದರ ಮೇಲೆ ಅಡ್ಡ ಗೆರೆ. ಕೆಳಗೆ ಎರಡು ಸಾಲು ತಪ್ಪು ಇಂಗ್ಲಿಷು, ಅದರ ಪಕ್ಕದಲ್ಲಿ ಸೊನ್ನೆ. ಪುಟದ ಅಂಚಿಗೆ ಹೆಬ್ಬೆರಳಿನ ಮಸಿ. ಹೊಡೆದು ಹಾಕಿದ್ದಕ್ಕೆ ಅಂಕ ಕೊಡುವಂತಿಲ್ಲ. ಮೌಲ್ಯಮಾಪಕರ ತಪ್ಪೇನೂ ಇಲ್ಲ, ನಾನಾಗಿದ್ದರೂ ಸೊನ್ನೆಯನ್ನೇ ಹಾಕುತ್ತಿದ್ದೆ. ಅದನ್ನು ನೆನೆದರೆ ಮೈ ಉರಿಯುತ್ತದೆ.

ಅಣ್ಣನಿಗೆ ಫೋನ್ ಮಾಡಿ ಬೇಡಿಕೊಂಡೆ. ಹೌದು, ಬೇಡಿಕೊಂಡೆ, ಕಾಲೇಜಿನ ಹಿಂದಿನ ಬೇವಿನ ಗಿಡದ ಕೆಳಗೆ ನಿಂತು, ಹುಡುಗರು ನೋಡುತ್ತಿದ್ದರೂ. ಇನ್ನೊಂದು ವರ್ಷ ಕೊಡು, ಅವಳಿಗೆ ಬರುತ್ತದೆ, ನೀನು ಅವತ್ತೇ ಸಹಿ ಮಾಡಿಸಿಕೊಳ್ಳಬಾರದಿತ್ತು ಎಂದೆ. ಲೆಕ್ಕವನ್ನೇ ಅವನಿಗೆ ವಿವರಿಸಲು ಹೋದೆ. ಎರಡು ಗೋಳ, ಖಾಲಿ ಮೂರನೇ ಗೋಳ, ಮುಟ್ಟಿದರೆ ಅರ್ಧ.

ಅವನು ಕೇಳುವಷ್ಟು ಕೇಳಿದ. "ಚೆಂಡಿಗೂ ಹೊಲಕ್ಕೂ ಏನು ಸಂಬಂಧ ತಂಗಿ? ಪಾಸಾಗಿದ್ರ ನಾ ಓದಸ್ತಿದ್ದೆ. ಮಾತು ತಪ್ಪೋ ಮನಷ್ಯಾ ಅಲ್ಲ ನಾ."

ಅದು ನಿಜ. ಅವನು ಮಾತು ತಪ್ಪುವ ಮನುಷ್ಯನಲ್ಲ. ಸಿಟ್ಟು ತೀರಿಸಿಕೊಳ್ಳಲು ಕೂಡ ಅವನು ಜಾಗ ಬಿಟ್ಟಿರಲಿಲ್ಲ. ಫೋನ್ ಇಟ್ಟೆ, ಗಂಟೆ ಹೊಡೆಯಿತು, ತರಗತಿಗೆ ಹೋದೆ. ಇನ್ನೊಮ್ಮೆ ಬರೆಯೋಣ, ನನ್ನ ಹತ್ತಿರವೇ ಇರು ಎಂದು ತಂಗಿಗೆ ಎಷ್ಟು ಹೇಳಿದರೂ ಅವಳು ಬ್ಯಾಗು ತುಂಬಿಕೊಂಡಳು. "ಬ್ಯಾಡಕ್ಕ, ನನಗದು ತಿಳಿಯಂಗಿಲ್ಲ," ಅಂದಳು. ತಿಳಿದಿತ್ತು ಅವಳಿಗೆ. ನನ್ನ ಮೊಬೈಲಿನಲ್ಲಿ ಸಾಕ್ಷಿ ಇತ್ತು. ಅದನ್ನು ಕಣ್ಣ ಮುಂದೆ ಹಿಡಿದರೂ ಅವಳು ನೋಡಲಿಲ್ಲ.

ಮದುವೆ ಇಂಡಿಯಲ್ಲಿ ಆಯಿತು. ಅಣ್ಣ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ರಜಿಸ್ಟ್ರಿಯ ಕೆಲಸವನ್ನೂ ಅದರ ಹಿಂದಿನ ವಾರವೇ ಮುಗಿಸಿದ್ದ. ಹೆಣ್ಣು ಕಳಿಸುವ ಹೊತ್ತಿಗೆ ಉಡಿ ತುಂಬಲು ವೈನಿಯನ್ನು ಕರೆದರು, ಅಣ್ಣನ ಹೆಂಡತಿಯನ್ನು. ಅವ್ವ ಮತ್ತು ನಾನು ಗಂಡ ಇಲ್ಲದವರು, ಗೋಡೆಗೆ ಆನಿಕೊಂಡು ಹಿಂದೆ ನಿಂತಿದ್ದೆವು. ಯಾರೂ ಹಿಂದೆ ನಿಲ್ಲಿರಿ ಎಂದು ಹೇಳಲಿಲ್ಲ, ಹೇಳಬೇಕಾಗುವುದಿಲ್ಲ. ವೈನಿ ಬೊಗಸೆ ಬೊಗಸೆ ಅಕ್ಕಿ ಹಾಕಿದಳು. ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಉತ್ತತ್ತಿ, ಅಡಿಕೆ, ನಮ್ಮ ತೋಟದ ಲಿಂಬಿಹಣ್ಣು. ತಂಗಿ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಎಲ್ಲರಿಗೂ ತಲೆಬಾಗುತ್ತ ಬಂದಳು. ಗೋಡೆಯ ಹತ್ತಿರ ಬಂದು ನನ್ನ ಮುಂದೆ ನಿಂತಳು. ಅಳುತ್ತಿರಲಿಲ್ಲ. ಉಡಿಯನ್ನು ಸ್ವಲ್ಪ ನನ್ನ ಕಡೆ ಬಾಗಿಸಿ ತೋರಿಸಿದಳು.

"ಅಕ್ಕಾ, ಇದು ಎಷ್ಟನೇ ಭಾಗ ಆಕ್ಕೈತಿ?"

"ಏನಂತ?" ಎಂದು ವೈನಿ ಹಿಂದಿನಿಂದ ಕೇಳಿದಳು.

"ಏನಿಲ್ಲ ವೈನಿ. ನಂದೊಂದು ಲೆಕ್ಕ ಉಳದಿತ್ತು."

ಅವಳ ಎರಡೂ ಕೈ ಉಡಿಯಲ್ಲಿದ್ದವು, ನನ್ನನ್ನು ಹಿಡಿದುಕೊಳ್ಳಲು ಅವಳಿಗೆ ಕೈ ಇರಲಿಲ್ಲ. ಶಾಸ್ತ್ರ ನೋಡದೆ ನಾನೇ ಮುಂದೆ ಹೋಗಿ ಅವಳನ್ನು ಗಟ್ಟಿಯಾಗಿ ತಬ್ಬಿಕೊಂಡೆ. ಹೆಂಗಸರ ನಡುವಿನಿಂದ ಯಾರೋ ಒಬ್ಬರು, "ಉಡಿ ಚಲ್ಲತೈತಿ, ಬಿಡ್ರಿ," ಅಂದರು. ನಾನು ಬಿಟ್ಟೆ.